ಬರಿಗಾಲಲ್ಲಿ ಕಾರು ಹತ್ತುತ್ತಿದ್ದವರು

ಹೋದ ತಿಂಗಳು ನಮ್ಮ ಯಜಮಾನರ ವರ್ಷದ ತಿಥಿ ಆಯಿತು. ಎಡೆ ಇಟ್ಟೆ, ಬಂದವರಿಗೆಲ್ಲ ಊಟ ಹಾಕಿದೆ. ಉಣ್ಣುತ್ತಾ ಎಲ್ಲರೂ ಅವರ ಮಾತೇ ಆಡಿದರು.

"ಚಿಕ್ಕಬೈರಪ್ಪ ಅಂದ್ರೆ ದೈವಭಕ್ತ ಕಣಪ್ಪ. ಯಾರ ಕಾರೇ ಆಗ್ಲಿ, ಚಪ್ಪಲಿ ಬಿಚ್ಚೇ ಹತ್ತೋನು. ಗುಡಿಗೆ ಹೋದಂಗೆ" ಎಂದರು ಪಕ್ಕದ ಮನೆ ರಾಮಯ್ಯ. ಸಾಲಿನಲ್ಲಿ ಕೂತವರೆಲ್ಲ ಹೌದು ಹೌದು ಎಂದರು. ನಾನು ಸಾರು ಬಡಿಸುತ್ತಿದ್ದೆ.

ಅದು ಭಕ್ತಿ ಅಲ್ಲ. ಏನು ಅಂತ ಮೂರು ಜನಕ್ಕೆ ಗೊತ್ತಿತ್ತು. ಒಬ್ಬರು ಅವರು, ಹೋದರು. ಇನ್ನೊಬ್ಬಳು ನಾನು. ಮೂರನೆಯವರು ಡಾಕ್ಟರ್ ಗಿರಿಜಾದೇವಿ. ಮೂರನೆಯವರಿಗೆ ಗೊತ್ತಿರಬಾರದಿತ್ತು. ನನಗೆ ಇವತ್ತಿಗೂ ಹಾಗೇ ಅನಿಸುತ್ತದೆ.

ಯಜಮಾನರು ಸಿದ್ದಾಪುರದಲ್ಲೇ ಹುಟ್ಟಿ ಬೆಳೆದವರು. ಅವರಪ್ಪ ಬೋರಣ್ಣ ಸೊಪ್ಪು, ಹೂವು ಬೆಳೆಯುತ್ತಿದ್ದರು. ಜಯನಗರ ಕಟ್ಟುವಾಗ ಆ ಜಮೀನು ಬಹುಪಾಲು ಹೋಯಿತು. ಯಜಮಾನರು ಅಷ್ಟೊತ್ತಿಗೆ ಬೇರೆ ಕೆಲಸ ಕಲಿತಿದ್ದರು. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ರಿಪೇರಿ ಮಾಡುವ ಶೆಡ್ಡಿಗೆ ಸೇರಿ ನಾಲ್ಕು ವರ್ಷ ದುಡಿದರು. ತಗಡಿನ ಶೆಡ್ಡು. ಒಳಗೆ ದಿನವೆಲ್ಲ ಸುತ್ತಿಗೆ ಏಟು, ಇಂಜಿನ್ನು ಅಬ್ಬರ. ಹೊರಗೆ ಬಂದ ಮೇಲೆ ಉಳಿದಿದ್ದ ಚೂರು ಜಾಗದಲ್ಲಿ, ಅಶೋಕ ಪಿಲ್ಲರಿಗೆ ಹೋಗುವ ರಸ್ತೆ ಪಕ್ಕ, ಹೊಂಗೆ ಮರದ ಕೆಳಗೆ ತಮ್ಮದೇ ಶೆಡ್ಡು ಹಾಕಿದರು. ಅದರ ಹಿಂದೆಯೇ ಮನೆ.

ನಾನು ವಸಂತಪುರದವಳು. ಮೂರನೇ ಕ್ಲಾಸು. ನನ್ನ ಗಂಟಲು ದೊಡ್ಡದು. ರಾಗಿ ಹೊಲದಲ್ಲಿ ಗಿಣಿ ಓಡಿಸಿ ಓಡಿಸಿ ಹಾಗಾಯಿತು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಮರಿಯಮ್ಮ ದಿನಾ ಬೈಯುತ್ತಿದ್ದರು. "ಮೆತ್ತಗೆ ಮಾತಾಡೇ ಮುನಿಲಕ್ಷ್ಮೀ. ಲಾಲ್‌ಬಾಗಲ್ಲಿರೋ ಕೋತಿಗಳೆಲ್ಲ ಎದ್ದು ಬರ್ತವೆ." ಯಜಮಾನರು ಮಾತ್ರ ಒಂದು ದಿನವೂ ಮೆತ್ತಗೆ ಮಾತಾಡು ಅನ್ನಲಿಲ್ಲ. ನಾನು ಮಾತಾಡುವಾಗ ನನ್ನ ಕಡೆ ತಿರುಗಿ ನೋಡುತ್ತಲೂ ಇರಲಿಲ್ಲ. ಅಡುಗೆ ಮನೆಯಿಂದ ಕೂಗುತ್ತಿದ್ದೆ, ಅವರು ಶೆಡ್ಡಿನಿಂದ ಉತ್ತರ ಕೊಡುತ್ತಿದ್ದರು. ನಮ್ಮ ಸಂಸಾರ ನಡೆದದ್ದು ಹಾಗೆ. ಜಯಾ ಹುಟ್ಟಿದಳು. ಒಬ್ಬಳೇ ಮಗಳು.

ಅವರಿಗೆ ಎಲ್ಲ ರಿಪೇರಿಯೂ ಬರುತ್ತಿತ್ತು. ಹೆಸರು ಬಂದದ್ದು ಬೇರಿಂಗಿನಿಂದ. ಚಕ್ರದ ನಡುವೆ, ಅಚ್ಚಿನ ಮೇಲೆ, ಉಕ್ಕಿನ ಬಳೆಯ ಹಾಗೆ ಒಂದು ಸಾಮಾನು ಇರುತ್ತದೆ. ಒಳಗೆ ಸಣ್ಣ ಸಣ್ಣ ಉಕ್ಕಿನ ಉರುಳೆಗಳು. ಚಕ್ರ ಹಗುರವಾಗಿ ತಿರುಗುವುದು ಅದರ ಮೇಲೆ. ಅದು ಸವೆದರೆ ಕಾರು ಮೊರೆಯಲು ಶುರು ಮಾಡುತ್ತದೆ. ಬಿಟ್ಟರೆ ಚಕ್ರ ಅಲ್ಲಾಡುತ್ತದೆ. ಇನ್ನೂ ಬಿಟ್ಟರೆ ಚಕ್ರವೇ ಕಳಚಿಕೊಂಡು ಹೋಗುತ್ತದೆ. ಯಾವ ಚಕ್ರದ್ದು ಹೋಗಿದೆ ಅಂತ ಬೇರೆಯವರು ನಾಲ್ಕನ್ನೂ ಬಿಚ್ಚಿ ನೋಡುವರು. ಇವರು ಒಂದನ್ನೇ ಬಿಚ್ಚುತ್ತಿದ್ದರು. ಮಾಲೀಕ ಕಾರು ಓಡಿಸಬೇಕು, ಇವರು ಪಕ್ಕದಲ್ಲಿ ಚಪ್ಪಲಿ ಬಿಚ್ಚಿ ಅಂಗಾಲು ಕೆಳಗಿನ ತಗಡಿಗೆ ಒತ್ತಿ ಕೂರಬೇಕು. ಒಂದು ಸುತ್ತು ಹೋಗಿ ಬಂದು "ಮುಂದಿನ ಎಡದ್ದು" ಎನ್ನುವರು. ಅದೇ ಆಗಿರುತ್ತಿತ್ತು. ಬೇರಿಂಗ್ ಬೈರಪ್ಪ ಅಂತ ವಿಲ್ಸನ್ ಗಾರ್ಡನ್‌ವರೆಗೂ ಹೆಸರಾಯಿತು.

ಇನ್ನೊಂದು ಪದ್ಧತಿ ಇಟ್ಟುಕೊಂಡಿದ್ದರು. ಹೊಸದು ಹಾಕಿದ ಮೇಲೆ ಹಳೆಯ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಪೇಪರಲ್ಲಿ ಸುತ್ತಿ ಮಾಲೀಕರ ಕೈಗೇ ಕೊಡುವರು. "ನಿಮ್ದು ನಿಮಗೆ. ಸುಳ್ಳು ಹೇಳಿ ಬದಲಾಯಿಸಿದ ಅಂತ ಆಗ್ಬಾರ್ದು." ಜನ ಆಚೆ ಹೋಗಿ ಬಿಸಾಡುತ್ತಿದ್ದರು. ಆದರೂ ಇವರು ಕೊಡುವುದು ಬಿಡಲಿಲ್ಲ.

ಐವತ್ತೆಂಟರಲ್ಲಿ ಗಿರಿಜಾದೇವಿ ಬಂದರು. ದಾವಣಗೆರೆ ಕಡೆಯವರು. ಜಯನಗರ ಎರಡನೇ ಬ್ಲಾಕಿನಲ್ಲಿ ಹೆರಿಗೆ ಆಸ್ಪತ್ರೆ ಇಟ್ಟರು. ಮದುವೆ ಆಗಿರಲಿಲ್ಲ. ಹಣೆಗೆ ವಿಭೂತಿ, ಬಿಳಿ ಸೀರೆ, ಕೈಗೆ ಗಡಿಯಾರ. ಎರಡೇ ಬಾಗಿಲಿನ ಬೂದು ಬಣ್ಣದ ಚಿಕ್ಕ ಕಾರು. ತಾವೇ ಓಡಿಸುವರು. ಹೆಂಗಸು ಕಾರು ಓಡಿಸುವುದನ್ನು ನೋಡಲು ಸಿದ್ದಾಪುರದ ಜನ ಬಾಗಿಲಿಗೆ ಬರುತ್ತಿದ್ದರು. ನಾನೂ ಬಂದೆ. ಮಾತು ಎಷ್ಟು ಮೆತ್ತಗೆ ಅಂದರೆ ಪಕ್ಕದಲ್ಲಿ ನಿಂತರೂ ಕಿವಿ ಕೊಟ್ಟು ಕೇಳಬೇಕು.

ಆ ಮೆತ್ತನೆ ಮಾತನ್ನು ನಮ್ಮ ಯಜಮಾನರು ಕೇಳುವ ರೀತಿ ನೋಡಿದೆ. ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು, ಎದ್ದು ನಿಂತು, ಅವರ ಬಾಯನ್ನೇ ನೋಡುತ್ತಿದ್ದರು. ಕಣ್ಣು ಮಿಟುಕಿಸುತ್ತಿರಲಿಲ್ಲ. ಹನ್ನೊಂದು ವರ್ಷ ಸಂಸಾರ ಮಾಡಿದ್ದೆ. ನನ್ನ ಬಾಯನ್ನು ಅವರು ಒಂದು ಸಲ ಹಾಗೆ ನೋಡಿದ್ದು ನನಗೆ ನೆನಪಿಲ್ಲ. ನನ್ನ ಹೊಟ್ಟೆಯಲ್ಲಿ ಏನೋ ಹೊತ್ತಿಕೊಂಡಿತು. ಅದು ಆರಲಿಲ್ಲ.

ಮೊದಲು ಬ್ರೇಕು ಅಂತ ಬಂದರು. ಆಮೇಲೆ ಬೇರಿಂಗು. ಹಿಂದಿನ ಚಕ್ರದ್ದು ಒಂದು ಹಾಕಿಸಿಕೊಂಡು ಹೋದರು. ಅದಾದ ಮೇಲೆ ನನ್ನ ತಂಗಿಯ ಹೆರಿಗೆಗೆ ಅಂತ ನಾನು ಅವರ ಆಸ್ಪತ್ರೆಗೆ ಹೋಗಬೇಕಾಯಿತು. ಮೇಜಿನ ಮೇಲೆ ಚೀಟಿಗಳು ಹಾರದ ಹಾಗೆ ಏನೋ ಇಟ್ಟಿದ್ದರು. ನೋಡಿದೆ. ನಮ್ಮ ಶೆಡ್ಡಿನ ಬೇರಿಂಗು. ಉಜ್ಜಿ ಉಜ್ಜಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಜನ ಬಿಸಾಡುವ ಸಾಮಾನು ಈಕೆ ಮೇಜಿನ ಮೇಲೆ ಇಟ್ಟುಕೊಂಡಿದ್ದಾಳೆ! ತಂಗಿಗೆ ಗಂಡು ಹುಟ್ಟಿತು ಅಂದರು. ನನಗೆ ಆ ಖುಷಿಯೂ ಆಗಲಿಲ್ಲ.

ಮನೆಗೆ ಬಂದು ಕೇಳಿದೆ. "ಆಯಮ್ಮನ ಮೇಜಿನ ಮೇಲೆ ನಿಮ್ಮ ಬೇರಿಂಗು ಯಾಕೆ ಇದೆ?"

"ಅವರದ್ದೇ ತಾನೆ, ಇಟ್ಕೊಂಡವ್ರೆ."

"ಅಷ್ಟು ಹೊಳೆಯೋ ಹಂಗೆ ಉಜ್ಜಿ ಕೊಟ್ಟೋರು ಯಾರು?"

"ಬೂದಿ ಹಾಕಿ ಉಜ್ಜಿದ್ರೆ ಏನು ಬೇಕಾದ್ರೂ ಹೊಳೀತದೆ. ಅನ್ನ ಇಕ್ಕು."

ಅನ್ನ ಇಕ್ಕಿದೆ. ಉಪ್ಪು ಹಾಕಲಿಲ್ಲ. ಅವರು ಹಾಗೇ ಉಂಡು ಎದ್ದರು.

ಅರವತ್ತರ ಬೇಸಿಗೆ. ಬೆಳಗ್ಗೆ ಹತ್ತು ಗಂಟೆ ಇರಬೇಕು. ಅಶೋಕ ಪಿಲ್ಲರ್ ಹತ್ತಿರ ತರಕಾರಿ ಮಾರುವ ಅಂಜನಮ್ಮ ಬುಟ್ಟಿ ಸಮೇತ ಮನೆ ಬಾಗಿಲಿಗೆ ಬಂದಳು. ಮುಖದಲ್ಲಿ ನಗು ತಡೆಯಲಾಗುತ್ತಿಲ್ಲ.

"ಏನೇ, ಮನೇಲಿ ಕೂತಿದ್ದೀಯ? ನಿನ್ ಗಂಡ ಡಾಕ್ಟ್ರಮ್ಮನ ಕಾರಲ್ಲಿ ಪ್ರದಕ್ಷಿಣೆ ಹಾಕ್ತಾ ಅವ್ನೆ ಕಣೇ. ಏಳು ಸುತ್ತು ಎಣಿಸ್ದೆ. ಕಂಬಕ್ಕೋ ಆಯಮ್ಮಂಗೋ ಅದೊಂದು ಗೊತ್ತಾಗ್ಲಿಲ್ಲ."

ಒಲೆ ಮೇಲಿನ ಪಾತ್ರೆ ಇಳಿಸಲಿಲ್ಲ. ಹಾಗೇ ಓಡಿದೆ.

ಅಂಜನಮ್ಮ ಸುಳ್ಳು ಹೇಳಿರಲಿಲ್ಲ. ಬೂದು ಕಾರು ಕಂಬದ ಸುತ್ತ ತಿರುಗುತ್ತಿತ್ತು. ಇವರು ಮುಂದೆ ಕೂತಿದ್ದರು. ರಸ್ತೆ ನೋಡುತ್ತಿರಲಿಲ್ಲ. ಪೂರ್ತಿ ಮೈ ತಿರುಗಿಸಿ ಆಕೆಯ ಬಾಯನ್ನೇ ನೋಡುತ್ತಿದ್ದರು. ಆಕೆ ಏನೋ ಹೇಳುವುದು, ಇವರು ತಲೆ ಆಡಿಸುವುದು. ಇನ್ನೊಂದು ಸುತ್ತು ಬಂದಾಗ ನಾನು ರಸ್ತೆ ನಡುವೆ ಹೋಗಿ ನಿಂತೆ.

"ನಿಲ್ಸೀ!"

ಇಡೀ ಸರ್ಕಲ್ಲು ನಿಂತಿತು. ಜಟಕಾದವನೂ ಕುದುರೆ ಹಿಡಿದು ನಿಲ್ಲಿಸಿದ. ಕಾರು ನನ್ನ ಮೊಣಕಾಲಿಗೆ ಒಂದು ಮೊಳ ದೂರದಲ್ಲಿ ನಿಂತಿತು.

ಏನೇನು ಅಂದೆನೋ ಪೂರ್ತಿ ನೆನಪಿಲ್ಲ. "ಗಂಡಸರು ಸಿಗ್ಲಿಲ್ವಾ ನಿಮಗೆ, ನನ್ನ ಗಂಡನೇ ಬೇಕಾಗಿತ್ತಾ" ಅಂದದ್ದು ನೆನಪಿದೆ. ಜನ ಸೇರಿದರು. ಗಿರಿಜಾದೇವಿ ಕೆಳಗಿಳಿದರು. ಮುಖ ಕೆಂಪಾಗಿತ್ತು. ಬೈಯಲಿಲ್ಲ. ಸೀಟು ಮುಂದಕ್ಕೆ ಬಗ್ಗಿಸಿ, "ನೀವೂ ಹತ್ತಿ ಮುನಿಲಕ್ಷ್ಮಮ್ಮ" ಎಂದರು.

ಹತ್ತಿದೆ. ಕಾರಿನೊಳಗೆ ಕೂತದ್ದು ಅದೇ ಮೊದಲು. ಹಿಂದಿನ ಸೀಟಿನಲ್ಲಿ ಔಷಧಿ ವಾಸನೆ. ಕಾರು ಹೊರಟಿತು. ಸ್ವಲ್ಪ ಜೋರಾದ ಮೇಲೆ ಕೆಳಗಿನಿಂದ ಒಂದು ಸದ್ದು ಬಂತು. ಗುಂಯ್ ಅಂತ. ಬೀಸುವ ಕಲ್ಲನ್ನು ಖಾಲಿ ತಿರುಗಿಸಿದ ಹಾಗೆ. ಕಂಬದ ಸುತ್ತ ಬಲಕ್ಕೆ ತಿರುಗಿದಾಗ ಆ ಸದ್ದು ಎದ್ದಿತು.

"ಈಗ ಜಾಸ್ತಿ ಆಯ್ತು" ಎಂದರು ಗಿರಿಜಾದೇವಿ, ಯಜಮಾನರ ಕಡೆ ಮುಖ ಮಾಡಿ. ಕಾರು ನೆಟ್ಟಗಾಯಿತು. "ಈಗ ಕಡಿಮೆ ಆಯ್ತು."

ಅಷ್ಟು ಜೋರಾದ ಸದ್ದು. ಕಾಲಿಗೂ ತಟ್ಟುತ್ತಿತ್ತು, ಕಿವಿಗೂ ತಟ್ಟುತ್ತಿತ್ತು. ಅದನ್ನು ಬಾಯಿ ಬಿಟ್ಟು ಹೇಳುವುದು ಏನಿದೆ? ಒಂದು ಗಳಿಗೆ ಹೋಯಿತು. ಆಮೇಲೆ ನನಗೆ ಗೊತ್ತಾಯಿತು.

"ರೀ" ಎಂದೆ. "ಆ ಸದ್ದು ನಿಮಗೆ ಕೇಳ್ಸಲ್ವಾ?"

ಅವರು ತಿರುಗಲಿಲ್ಲ. ಮುಂದೆ ನೋಡುತ್ತಲೇ ಹೇಳಿದರು. "ಇಲ್ಲ."

"ಯಾವಾಗಿಂದ?"

"ಮಿಲಿಟರಿ ಶೆಡ್ಡಿಂದ ಬಂದಾಗ್ಲೇ ಅರ್ಧ ಹೋಗಿತ್ತು. ಈಗ ಎರಡು ವರ್ಷದಿಂದ ಮೊರೆಯೋದು ಕೇಳ್ಸಲ್ಲ. ಕಾಲಿಗೆ ಗೊತ್ತಾಗ್ತದೆ, ಎಲ್ಲೋ ಹೋಗಿದೆ ಅಂತ. ಯಾವ ಕಡೆ ಅಂತ ಒಂದೊಂದು ಸಲ ಗೊತ್ತಾಗಲ್ಲ."

ಗಿರಿಜಾದೇವಿ ಕಾರು ಪಕ್ಕಕ್ಕೆ ನಿಲ್ಲಿಸಿದರು. "ನಾನೇ ಕಂಡುಹಿಡಿದದ್ದು. ನಾನು ಬೆನ್ನ ಹಿಂದೆ ನಿಂತು ಮಾತಾಡಿದೆ, ಅವರು ತಿರುಗಲೇ ಇಲ್ಲ. ಕಿವಿ ಪರೀಕ್ಷೆ ಮಾಡಿದೆ. ಯಾರಿಗೂ ಹೇಳಬೇಡಿ ಅಂತ ಕೈ ಮುಗಿದರು. ಗೊತ್ತಾದರೆ ಯಾರೂ ಗಾಡಿ ಬಿಡೋದಿಲ್ಲ ಅಂದರು" ಎಂದರು.

"ನಾನು ಯಾರೋ ಅಲ್ಲ" ಎಂದೆ. ಆಕೆಗಲ್ಲ, ಅವರಿಗೆ. "ಇವರಿಗೆ ಗೊತ್ತಾಯ್ತು. ನನಗೆ ಹೇಳ್ಲಿಲ್ಲ."

"ನಿಂಗೆ ಏನಂತ ಹೇಳ್ಲಿ? ನಿನ್ ಮಾತು ಒಂದು ನಂಗೆ ಚೆನ್ನಾಗಿ ಕೇಳ್ಸುತ್ತೆ ಕಣೆ. ಎಲ್ಲರ ಬಾಯೂ ನೋಡ್ಬೇಕು. ನಿಂದು ನೋಡ್ಬೇಕಾಗಿಲ್ಲ. ಮನೇಲಿ ಇರೋವಾಗ ಕಿವಿ ಹೋಗಿದೆ ಅಂತ ನಂಗೇ ಮರೆತೋಗ್ತದೆ."

ಇದು ಒಳ್ಳೆ ಮಾತು ಅಂತ ಈಗ ಗೊತ್ತು. ಆ ದಿನ ನನಗೆ ಹಾಗೆ ಅನಿಸಲಿಲ್ಲ. ಎರಡು ವರ್ಷ ಆ ಗುಟ್ಟು ಇನ್ನೊಬ್ಬಳ ಹತ್ತಿರ ಇತ್ತು ಅನ್ನುವುದೇ ಎದೆಯಲ್ಲಿ ಕುಕ್ಕುತ್ತಿತ್ತು.

"ಬಲದ ಚಕ್ರ" ಎಂದೆ. "ಬಲಕ್ಕೆ ತಿರುಗಿದಾಗ ಜಾಸ್ತಿ ಆಯ್ತು. ನನಗೂ ಕಿವಿ ಇದೆ."

ಅವರು ನಕ್ಕರು. "ಸೊಪ್ಪಿನ ಮಂಕ್ರಿ ತಲೆ ಮೇಲೆ ಹೊತ್ಕೊಂಡು ಬಲಕ್ಕೆ ಸರ‍್ರನೆ ತಿರುಗು. ಮಂಕ್ರಿ ಎಲ್ಲಿಗೆ ವಾಲ್ತದೆ?"

"ಎಡಕ್ಕೆ."

"ಕಾರೂ ಹಂಗೇ. ಭಾರ ಎಡದ ಚಕ್ರದ ಮೇಲೆ ಬೀಳ್ತದೆ. ಭಾರ ಬಿದ್ದಾಗ ಯಾವುದು ಅಳ್ತದೋ ಅದೇ ಹೋಗಿರೋದು."

ಆ ದಿನ ಮುಂದಿನ ಎಡದ್ದು ಬಿಚ್ಚಿ ಹೊಸದು ಹಾಕಿದರು. ಆ ದಿನವೇ ಹೇಳಿದೆ. ಇನ್ನು ಮೇಲೆ ಕೇಳುವುದು ನಾನು. ಯಾರ ಕಾರೇ ಬರಲಿ, ಇವರ ಜೊತೆ ಹಿಂದಿನ ಸೀಟಿನಲ್ಲಿ ನಾನೂ ಕೂರುತ್ತೇನೆ. ಗಿರಿಜಾದೇವಿ "ಒಳ್ಳೇದಾಯ್ತು" ಎಂದರು. ಅವರು ಒಪ್ಪಿದ್ದಕ್ಕೂ ನನಗೆ ಸಿಟ್ಟು ಬಂತು. ಕೊಡುವವರು ಅವರಾ?

ಜನಕ್ಕೆ ಏನು ಹೇಳುವುದು ಅನ್ನುವ ಯೋಚನೆಯೇ ಬೇಕಾಗಲಿಲ್ಲ. ಸರ್ಕಲ್ಲಿನಲ್ಲಿ ನಾನು ಕೂಗಾಡಿದ್ದು ಸಂಜೆಯೊಳಗೆ ಇಡೀ ಸಿದ್ದಾಪುರಕ್ಕೆ ಗೊತ್ತಾಗಿತ್ತು. ಬೈರಪ್ಪನ ಹೆಂಡತಿಗೆ ಹೊಟ್ಟೆಕಿಚ್ಚು, ಗಂಡನನ್ನು ಒಬ್ಬನೇ ಕಾರು ಹತ್ತಲು ಬಿಡುವುದಿಲ್ಲ ಅಂತ ಆಯಿತು. ಅದೇ ನಮ್ಮನ್ನು ಕಾಪಾಡಿತು. ಜಯನಗರದ ವಕೀಲರು ಅನಂತರಾಮು ಮೊದಲ ಸಲ ನನ್ನನ್ನು ಕಂಡು ಕನ್ನಡಕ ಸರಿ ಮಾಡಿಕೊಂಡರು.

"ಏನಮ್ಮಾ, ನನ್ನ ಜೊತೇಲಿ ಕಳಿಸೋಕೂ ಭಯವಾ? ನಾನು ಗಂಡಸು ಕಣಮ್ಮಾ."

"ದಾರೀಲಿ ಯಾರು ಸಿಗ್ತಾರೋ ಸಾರ್. ನೀವು ಓಡ್ಸಿ" ಎಂದೆ.

ಹೊಟ್ಟೆ ಹಿಡಿದುಕೊಂಡು ನಕ್ಕರು. ಆರು ವರ್ಷ ಎಲ್ಲರೂ ನಕ್ಕರು. ಬೇರಿಂಗ್ ಬೈರಪ್ಪನ ಕಾವಲುಗಾರ್ತಿ ಅಂತ ಹೆಸರಿಟ್ಟರು. ಹಿಂದಿನ ಸೀಟಿನಲ್ಲಿ ಕೂತು ನಾನು ಕೇಳುತ್ತಿದ್ದೆ. ಸದ್ದು ಎದ್ದಾಗ "ರೀ, ಬಿಸಿಲು ಜಾಸ್ತಿ" ಅನ್ನುತ್ತಿದ್ದೆ. ಇಳಿದಾಗ "ಈಗ ತಂಪಾಯ್ತು." ಅವರು ಮುಂದೆ ನೋಡುತ್ತಲೇ ತಲೆ ಆಡಿಸುವರು. ಕಾಲು ಹೇಳಿದ್ದು, ನಾನು ಹೇಳಿದ್ದು, ಎರಡನ್ನೂ ಕೂಡಿಸಿ ಚಕ್ರದ ಹೆಸರು ಹೇಳುವರು. ಯಾರಿಗೂ ಅನುಮಾನ ಬರಲಿಲ್ಲ. ಹೊಟ್ಟೆಕಿಚ್ಚು ನಾಟಕ ಅಂತ ನಾನು ಹೇಳುವುದಿಲ್ಲ. ಅದು ಇದ್ದೇ ಇತ್ತು. ಅದಕ್ಕೆ ಒಂದು ಕೆಲಸ ಸಿಕ್ಕಿತು, ಅಷ್ಟೆ.

ಕಿವಿ ಕೊಟ್ಟವಳು ಕೈಯನ್ನೂ ಕೊಟ್ಟೆ. ಶೆಡ್ಡಿನಲ್ಲಿ ಅವರ ಪಕ್ಕ ಕೂತು ಕಲಿತೆ. ಕಾರು ಉರುಳದ ಹಾಗೆ ಹಿಂದಿನ ಚಕ್ರಕ್ಕೆ ಕಲ್ಲು ಕೊಡುವುದು. ಜಾಕಿ ಎತ್ತುವ ಮುಂಚೆ ಚಕ್ರದ ನಟ್ಟು ಸಡಿಲ ಮಾಡುವುದು. ಎತ್ತಿದ ಮೇಲೆ ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ ನೋಡುವುದು. ಸವೆದಿದ್ದರೆ ಲಟಕ್ ಲಟಕ್ ಅನ್ನುತ್ತದೆ. ಆಮೇಲೆ ಒಂದು ಕೈಯಲ್ಲಿ ಚಕ್ರ ತಿರುಗಿಸಿ ಇನ್ನೊಂದನ್ನು ಚಕ್ರದ ಹಿಂದಿನ ಸ್ಪ್ರಿಂಗಿನ ಮೇಲೆ ಇಡಬೇಕು. ಒಳಗೆ ಮರಳು ಅರೆದ ಹಾಗೆ ಕೈಗೆ ಬರುತ್ತದೆ. "ಇದಕ್ಕೆ ಕಿವಿ ಬೇಡ" ಎನ್ನುವರು. ಇದು ಹೇಳುವಾಗ ಅವರ ಮುಖ ಗೆಲುವಾಗುತ್ತಿತ್ತು.

ಚಕ್ರ ಬಿಚ್ಚಿ, ನಡುವಿನ ಮುಚ್ಚಳ ತೆಗೆದು, ನಟ್ಟು ಕಳಚದ ಹಾಗೆ ಹಾಕಿದ ಪಿನ್ನು ಎಳೆದು, ದೊಡ್ಡ ನಟ್ಟು ತೆಗೆದರೆ ಬೇರಿಂಗು ಕೈಗೆ ಬರುತ್ತದೆ. ಅದರ ಹೊರಗಿನ ಬಳೆ ಒಳಗೇ ಕಚ್ಚಿಕೊಂಡಿರುತ್ತದೆ. ಹಿತ್ತಾಳೆ ಸಲಾಕೆ ಇಟ್ಟು ಈ ಕಡೆ ಒಂದು ಏಟು, ಆ ಕಡೆ ಒಂದು ಏಟು. ಒಂದೇ ಕಡೆ ಹೊಡೆದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಹೊಸದಕ್ಕೆ ಗ್ರೀಸು ತುಂಬುವುದು ಅಂಗೈಯಲ್ಲೇ. ಅಂಗೈಯಲ್ಲಿ ಗ್ರೀಸು ಇಟ್ಟುಕೊಂಡು ಬೇರಿಂಗಿನ ಅಂಚನ್ನು ಅದಕ್ಕೆ ಒತ್ತುತ್ತಾ ಬರಬೇಕು, ಆ ಕಡೆಯಿಂದ ಹುಳದ ಹಾಗೆ ಹೊರಗೆ ಬರುವವರೆಗೆ. ನಟ್ಟನ್ನು ಚಕ್ರ ತಿರುಗಿಸುತ್ತಾ ಬಿಗಿ ಮಾಡಿ, ಆಮೇಲೆ ಒಂಚೂರು ಹಿಂದಕ್ಕೆ ಬಿಡಬೇಕು. ಬಿಗಿ ಆದರೂ ಸುಡುತ್ತದೆ, ಸಡಿಲ ಆದರೂ ಕುಣಿಯುತ್ತದೆ. ಆ ಒಂಚೂರು ಎಷ್ಟು ಅಂತ ಕಲಿಯಲು ನನಗೆ ಎರಡು ವರ್ಷ ಬೇಕಾಯಿತು.

ಒಂದು ತಪ್ಪು ಮಾಡಿದೆ. ಬರೆಯದೆ ಬಿಡಬಹುದಿತ್ತು. ಅರವತ್ತೊಂದರಲ್ಲಿ ಗಿರಿಜಾದೇವಿ ಮತ್ತೆ ಕಾರು ತಂದರು. ನಾವಿಬ್ಬರೂ ಹತ್ತಿದೆವು. ಮುಂದಿನ ಬಲದ್ದು ಮೊರೆಯುತ್ತಿತ್ತು. ನನಗೆ ಸ್ಪಷ್ಟವಾಗಿ ಕೇಳಿಸಿತು. ಅಷ್ಟರಲ್ಲಿ ಅವರು ಏನೋ ತಮಾಷೆ ಹೇಳಿದರು, ಇವರು ಅವರ ಬಾಯಿ ನೋಡಿ ನಕ್ಕರು. ಕಾರು ರಿಪೇರಿಗೆ ಅಂತ ಎರಡು ದಿನ ಶೆಡ್ಡಿನಲ್ಲಿ ಇರುತ್ತದೆ, ಆಕೆ ಬಂದು ಹೋಗಿ ಮಾಡುತ್ತಾರೆ, ಅದು ನನಗೆ ಬೇಡವಾಗಿತ್ತು.

"ತಂಪಾಗೇ ಇದೆ" ಎಂದೆ.

"ಕಾಲಿಗೆ ಏನೋ ಬರ್ತಾ ಇದೆ ಕಣೆ."

"ರಸ್ತೆಗೆ ಜಲ್ಲಿ ಹಾಕವ್ರೆ. ಅದು."

ಅವರು ನಂಬಿದರು. ಗಿರಿಜಾದೇವಿ ಉತ್ತರಹಳ್ಳಿ ಕಡೆ ಯಾವುದೋ ಹೆರಿಗೆಗೆ ಅಂತ ಹಾಗೇ ಹೊರಟು ಹೋದರು. ಮಧ್ಯಾಹ್ನ ಉಣ್ಣಲು ಕೂತೆ. ಚಕ್ರ ಕಳಚಿ ಬಿದ್ದದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಆ ಕಡೆ ಹೆರಿಗೆಯವಳು ಕಾಯುತ್ತಿದ್ದಾಳೆ. ಶೆಡ್ಡಿಗೆ ಹೋಗಿ ಹೇಳಿಬಿಟ್ಟೆ. ಅವರು ಸೈಕಲ್ ಹತ್ತಿದರು.

ಸಂಜೆ ಬಂದರು. ಹೆರಿಗೆ ಮುಗಿಸಿ ಬರುತ್ತಿದ್ದ ಕಾರು ದಾರಿಯಲ್ಲೇ ಸಿಕ್ಕಿತಂತೆ. ಚಕ್ರದ ನಡು ಭಾಗಕ್ಕೆ ನೀರು ಹಾಕಿದರೆ ಚುಂಯ್ ಅಂದಿತಂತೆ. ಅಲ್ಲೇ ನಿಲ್ಲಿಸಿ ಬಂದಿದ್ದರು. ಕೈಕಾಲು ತೊಳೆದು ಜಗಲಿ ಮೇಲೆ ಕೂತರು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ.

"ನನ್ ಕಿವೀನೇ ನಂಗೆ ಸುಳ್ಳು ಹೇಳಿದ್ರೆ, ನಾನು ಇನ್ಯಾರನ್ನ ಕೇಳ್ಲಿ?"

ಆಮೇಲೆ ನಾನು ಒಂದು ಸಲವೂ ಸುಳ್ಳು ಹೇಳಲಿಲ್ಲ. ಉರಿ ಇತ್ತು. ಉರಿ ಇಟ್ಟುಕೊಂಡೇ ನಿಜ ಹೇಳಿದೆ.

ಅರವತ್ತಾರರ ಚಳಿಗಾಲದಲ್ಲಿ ಅವರಿಗೆ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿತು. ನಾಲ್ಕು ದಿನ. ಗಿರಿಜಾದೇವಿಯನ್ನು ನಾನೇ ಕರೆಸಿದೆ. ಬೇರೆ ಯಾರನ್ನು ಕರೆಸಲಿ? ಬೆಳಗ್ಗೆ ಸಂಜೆ ಬಂದು ಸೂಜಿ ಹಾಕಿದರು. ನಾಲ್ಕನೇ ದಿನ ಬೆಳಗ್ಗೆ ಗಿರಿಜಾದೇವಿ ಹಾಸಿಗೆ ಪಕ್ಕ ಕೂತು ನಾಡಿ ಹಿಡಿದಿದ್ದರು. ನಾನು ಹಿಂದೆ ಬಾಗಿಲಲ್ಲಿ ಗಂಜಿ ಹಿಡಿದು ನಿಂತಿದ್ದೆ. "ರೀ, ಗಂಜಿ ತಂದೀನಿ, ಒಂದು ಗುಟುಕು ಕುಡೀರಿ. ಏಳ್ರೀ" ಅನ್ನುತ್ತಲೇ ಇದ್ದೆ. ಯಜಮಾನರು ನನ್ನ ಕಡೆ ತಿರುಗಲಿಲ್ಲ. ಆಕೆಯ ಕಡೆ ನೋಡಿ ಏನೋ ಕೇಳಿದರು. ಉಸಿರಷ್ಟೇ ಸದ್ದು, ನನಗೆ ಕೇಳಿಸಲಿಲ್ಲ. ಆಕೆ ಮೆತ್ತಗೆ ಏನೋ ಹೇಳಿದರು. ಅದೂ ಕೇಳಿಸಲಿಲ್ಲ. ಇವರು ಆಕೆಯ ಬಾಯಿ ನೋಡಿದರು, ತಲೆ ಆಡಿಸಿದರು, ಕಣ್ಣು ಮುಚ್ಚಿದರು. ಮತ್ತೆ ತೆಗೆಯಲಿಲ್ಲ.

ಕೊನೆಗೆ ನೋಡಿದ್ದು ಆ ಬಾಯನ್ನು. ಕೊನೆಯ ಮಾತು ಆಕೆಗೆ. ಹತ್ತೊಂಬತ್ತು ವರ್ಷ ನನ್ನ ಜೊತೆ ಬಾಳಿ ಕೊನೆಯ ಮಾತು ಆಕೆಗೆ ಕೊಟ್ಟು ಹೋದರು.

ಒಂದು ವರ್ಷ ಬೆಂದೆ. ಬಳೆ ಒಡೆದದ್ದು, ಕುಂಕುಮ ಅಳಿಸಿದ್ದು, ಅದೆಲ್ಲ ಎಲ್ಲರಿಗೂ ಆಗುವುದೇ. ಆ ಮಾತು ಏನು ಅಂತ ಮಾತ್ರ ಎದೆಯಲ್ಲಿ ಕೂತಿತ್ತು. ಹೋಗಿ ಕೇಳಲು ಮನಸ್ಸು ಬರಲಿಲ್ಲ. ನನ್ನ ಗಂಡ ಏನಂದ ಅಂತ ಇನ್ನೊಬ್ಬಳ ಮನೆ ಬಾಗಿಲಿಗೆ ಹೋಗಿ ಬೇಡಲಾ?

ತಿಥಿಯ ದಿನ ಗಿರಿಜಾದೇವಿಯೂ ಬಂದಿದ್ದರು. ಮೂಲೆಯಲ್ಲಿ ಕೂತು ಉಂಡರು. ರಾಮಯ್ಯ ಚಪ್ಪಲಿಯ ಮಾತು ಎತ್ತಿದಾಗ ನನ್ನ ಕಡೆ ನೋಡಿದರು. ನಾನು ನೋಡದ ಹಾಗೆ ಮುಂದಿನ ಎಲೆಗೆ ಹೋದೆ. ಕೈ ತೊಳೆದು, ನಮಸ್ಕಾರ ಮಾಡಿ ಹೊರಟರು. ಕಾರು ತಿರುಗಿಸಿಕೊಂಡು ರಸ್ತೆಗೆ ಇಳಿದು ಜೋರಾಯಿತು. ಗುಂಯ್ ಅಂತ ಬಂತು. ಬಾಗಿಲಲ್ಲಿದ್ದ ನನಗೆ ಕೇಳಿಸಿತು. ರಸ್ತೆ ಅಂಚಿನ ಹೊಂಡ ತಪ್ಪಿಸಲು ಬಲಕ್ಕೆ ಎಳೆದುಕೊಂಡರು. ಸದ್ದು ಎದ್ದಿತು. ಎಡದ್ದು.

ಬಿಟ್ಟುಬಿಡಬಹುದಿತ್ತು.

"ನಿಲ್ಸೀ!"

ವರ್ಷದಿಂದ ನಾನು ಹಾಗೆ ಕೂಗಿರಲಿಲ್ಲ. ಯಾರಿಗೆ ಕೂಗಲಿ? ಉಣ್ಣುತ್ತಿದ್ದವರು ಎಲೆ ಬಿಟ್ಟು ಎದ್ದರು. ಕಾರು ನಿಂತಿತು.

"ಮುಂದಿನ ಎಡದ್ದು ಹೋಗಿದೆ ಡಾಕ್ಟ್ರಮ್ಮ. ಮೆತ್ತಗೆ ಮನೆಗೆ ಹೋಗಿ. ನಾಳೆ ಬೆಳಗ್ಗೆ ಮೆತ್ತಗೆ ತನ್ನಿ."

"ಯಾರ ಹತ್ತಿರ ತರಲಿ ಮುನಿಲಕ್ಷ್ಮಮ್ಮ?"

"ನನ್ ಹತ್ರ."

ಬೆಳಗ್ಗೆ ತಂದರು. ಶೆಡ್ಡಿನ ಬೀಗ ತೆಗೆದೆ. ಜಾಕಿಗೆ ತುಕ್ಕು ಹಿಡಿದಿತ್ತು. ಚಕ್ರ ಎತ್ತಿ ಅಲ್ಲಾಡಿಸಿದೆ, ಲಟಕ್ ಅಂತು. ಬಿಚ್ಚಿದೆ. ಬೇರಿಂಗಿನ ಅಂಚಲ್ಲಿ ಕೊರೆದಿದ್ದ ಅಂಕಿ ಬರೆದುಕೊಟ್ಟೆ. ಇಂಗ್ಲಿಷ್ ಅಂಕಿ ನನಗೆ ಬರುತ್ತದೆ. ಅವರ ಕಾಂಪೌಂಡರು ಕೊಟ್ರಪ್ಪ ಸೈಕಲ್ಲಿನಲ್ಲಿ ಕಲಾಸಿಪಾಳ್ಯಕ್ಕೆ ಹೋಗಿ ಹೊಸದು ತಂದ. ಅಲ್ಲಿಯವರೆಗೆ ಗಿರಿಜಾದೇವಿ ಹೊಂಗೆ ಮರದ ಕೆಳಗೆ ಯಜಮಾನರ ಮಣೆ ಮೇಲೆ ಕೂತಿದ್ದರು. ಎದ್ದೇಳಿ ಅನ್ನಬೇಕು ಅನಿಸಿತು. ಅನ್ನಲಿಲ್ಲ.

ಅಂಗೈಯಲ್ಲಿ ಗ್ರೀಸು ಇಟ್ಟುಕೊಂಡು ಹೊಸದನ್ನು ಒತ್ತುತ್ತಾ ಕೇಳಿದೆ. ಮುಖ ನೋಡದೆ ಕೇಳಿದೆ.

"ಆವತ್ತು ಅವರು ನಿಮ್ಮನ್ನ ಏನು ಕೇಳಿದ್ರು?"

"ನೀವು ಕೇಳ್ತೀರಿ ಅಂತ ಒಂದು ವರ್ಷದಿಂದ ಕಾಯ್ತಾ ಇದ್ದೆ. ನಾನಾಗೇ ಹೇಳೋಕೆ ಧೈರ್ಯ ಬರಲಿಲ್ಲ. 'ಅವಳು ಯಾಕೆ ಮಾತಾಡ್ತಾ ಇಲ್ಲ' ಅಂತ ಕೇಳಿದರು."

ನನ್ನ ಕೈ ನಿಂತಿತು.

"ಜ್ವರಕ್ಕೆ ಉಳಿದಿದ್ದ ಚೂರು ಕಿವಿಯೂ ಹೋಗಿತ್ತು. 'ಮಾತಾಡ್ತಾನೇ ಇದ್ದಾರೆ, ನಿಮ್ಮ ಹಿಂದೇನೇ ನಿಂತಿದ್ದಾರೆ' ಅಂದೆ. ಅಷ್ಟೇ."

ಗ್ರೀಸು ಮೊಣಕೈವರೆಗೂ ಇಳಿದಿತ್ತು. ಒರೆಸಿಕೊಳ್ಳಲಿಲ್ಲ. ಬೇರಿಂಗು ಒಳಗೆ ಕೂರಿಸಿದೆ. ನಟ್ಟು ಬಿಗಿ ಮಾಡಿದೆ, ಒಂಚೂರು ಹಿಂದಕ್ಕೆ ಬಿಟ್ಟೆ. ಹೊಸ ಪಿನ್ನು ಹಾಕಿದೆ. ಚಕ್ರ ತಿರುಗಿಸಿ ಸ್ಪ್ರಿಂಗಿನ ಮೇಲೆ ಕೈ ಇಟ್ಟೆ. ಏನೂ ಬರಲಿಲ್ಲ. ನುಣ್ಣಗೆ ತಿರುಗಿತು.

ಹಳೆಯದನ್ನು ಸೀಮೆಎಣ್ಣೆಯಲ್ಲಿ ತೊಳೆಯಲು ಕೈಗೆ ತೆಗೆದುಕೊಂಡೆ. ಅರವತ್ತರಲ್ಲಿ, ಸರ್ಕಲ್ಲಿನಲ್ಲಿ ನಾನು ಕಾರು ನಿಲ್ಲಿಸಿದ ದಿನ, ಅವರ ಕೈಯಾರೆ ಹಾಕಿದ್ದು. ಅವರ ಅಂಗೈಯ ಗ್ರೀಸು ಅದರೊಳಗೆ ಕಪ್ಪಾಗಿ ಇನ್ನೂ ಅಂಟಿಕೊಂಡಿತ್ತು. ಆ ಗ್ರೀಸನ್ನು ತೊಳೆಯದೆ ಬಿಟ್ಟೆ.

ಗಿರಿಜಾದೇವಿ ಕಾರಿನ ಬಾಗಿಲು ತೆಗೆದು ಕೈ ನೀಡಿದರು. "ಹಳೇದನ್ನ ಪೇಪರಲ್ಲಿ ಸುತ್ತಿ ಕೊಡ್ತಿದ್ದರು ಅವರು."

"ಗೊತ್ತು" ಎಂದೆ. "ಒಂದು ನಿಮ್ಮ ಮೇಜಿನ ಮೇಲಿದೆ. ಇದು ಇಲ್ಲೇ ಇರ್ಲಿ."

ಅವರು ಕಾರು ಹತ್ತಿ ಹೊರಟರು. ಅಶೋಕ ಪಿಲ್ಲರ್ ಕಡೆ ತಿರುಗುವವರೆಗೆ ಕೇಳಿಸಿಕೊಂಡೆ. ಸದ್ದಿರಲಿಲ್ಲ. ಬೇರಿಂಗನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಒಳಗೆ ಹೋದೆ.